ಶೌಚಗುಂಡಿಯ ಸಾರಜನಕ: ಬಾವಿ, ವಿದ್ಯುತ್ ಬಿಲ್ಲು ಮತ್ತು ನಮ್ಮ ಹೊಣೆ



ಹೊನ್ನಾವರದ ಕರಾವಳಿ ಗ್ರಾಮಗಳಲ್ಲಿ ಶೌಚಗುಂಡಿಯೂ ಕುಡಿಯುವ ನೀರಿನ ಬಾವಿಯೂ ಹಲವೆಡೆ ಒಂದೇ ಹಿತ್ತಲಿನಲ್ಲಿವೆ. ಮಳೆಗಾಲದಲ್ಲಿ ಅಂತರ್ಜಲವು ಗುಂಡಿಯ ತಳ ಮುಟ್ಟಿದಾಗ, ಮಲಮೂತ್ರದ ಸಾರಜನಕವು ಅಮೋನಿಯಾ, ನೈಟ್ರೇಟ್ ರೂಪಗಳಲ್ಲಿ ಬಾವಿಯನ್ನು ಸೇರಬಲ್ಲದು. ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೂ ಅದು ಹೋಗುವುದಿಲ್ಲ. ಲೀಟರಿಗೆ 45 ಮಿಲಿಗ್ರಾಂ ಮೀರಿದ ನೀರು ಕುಡಿಯಲು ಯೋಗ್ಯವಲ್ಲ, ಹಸುಗೂಸುಗಳಿಗಂತೂ ಅಪಾಯಕರ.

ಹಾಗಾದರೆ ಯಂತ್ರಚಾಲಿತ ಶುದ್ಧೀಕರಣ ಘಟಕವನ್ನೇ ತರೋಣವೆ? ಅಲ್ಲಿ ಒಂದು ಬಗೆಯ ಸೂಕ್ಷ್ಮಜೀವಿಗಳು ಗಾಳಿಯ ನೆರವಿನಿಂದ ಅಮೋನಿಯಾವನ್ನು ನೈಟ್ರೇಟ್ ಆಗಿಸುತ್ತವೆ. ಇನ್ನೊಂದು ಬಗೆಯವು ಗಾಳಿಯಿಲ್ಲದ ತೊಟ್ಟಿಯಲ್ಲಿ ನೈಟ್ರೇಟನ್ನು ನಿರುಪದ್ರವಿ ಸಾರಜನಕ ಅನಿಲವಾಗಿಸುತ್ತವೆ. ಇಂತಹ ಘಟಕಗಳಲ್ಲಿ ವಿದ್ಯುತ್ತಿನ ಸುಮಾರು ಅರ್ಧಪಾಲು ಗಾಳಿ ಊದುವುದಕ್ಕೇ ವ್ಯಯವಾಗುತ್ತದೆ. ಬಿಲ್ಲಿಗೆ ಹೆದರಿ ಬ್ಲೋವರನ್ನು ಮನಬಂದಂತೆ ನಿಲ್ಲಿಸಿದರೆ ಕ್ರಿಯೆ ಅರೆಬರೆಯಾಗಿ ನೈಟ್ರಸ್ ಆಕ್ಸೈಡ್ ಹೊಮ್ಮುತ್ತದೆ. ಭೂಮಿಯನ್ನು ಬಿಸಿಯೇರಿಸುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ನೂರು ವರ್ಷಗಳ ಲೆಕ್ಕದಲ್ಲಿ ಸುಮಾರು 273 ಪಟ್ಟು ಪ್ರಬಲ. ಕರೆಗಿದ ಆಮ್ಲಜನಕವನ್ನು ಅಳೆದು, ಬೇಕಾದಷ್ಟೇ ಗಾಳಿ ಊದುವುದು ನಿಜವಾದ ಉಳಿತಾಯ.

2002ರಲ್ಲಿ ನೆದರ್ಲೆಂಡ್ಸಿನ ರಾಟರ್‌ಡ್ಯಾಮಿನಲ್ಲಿ, ಕಡಿಮೆ ಗಾಳಿಯಲ್ಲೇ ಸಾರಜನಕ ತೆಗೆಯುವ ಅನಾಮಾಕ್ಸ್ ವಿಧಾನದ ಮೊದಲ ದೊಡ್ಡ ಘಟಕ ಆರಂಭವಾಯಿತು. ಆದರೆ ಅದಕ್ಕೆ ನುರಿತ ತಂತ್ರಜ್ಞರ ನಿತ್ಯದ ನಿಗಾ ಬೇಕು. ನಮಗೆ ಹತ್ತಿರದ ಮಾದರಿ ದೇವನಹಳ್ಳಿಯದು. 2015ರಲ್ಲಿ ಅಲ್ಲಿ ಆರಂಭವಾದ ಮಲತ್ಯಾಜ್ಯ ಘಟಕದಲ್ಲಿ ತ್ಯಾಜ್ಯವು ಮುಖ್ಯವಾಗಿ ಇಳಿಜಾರಿನ ಬಲದಿಂದಲೇ ಸಾಗುತ್ತದೆ; ಒಣಗಿದ ಕೆಸರು ಗೊಬ್ಬರವಾಗುತ್ತದೆ. ಬಾವಿಯಲ್ಲಿ ವಿಷವಾಗುವ ಸಾರಜನಕವೇ ತೋಟದಲ್ಲಿ ಬೆಳೆಯ ಆಹಾರ.

ಆದ್ದರಿಂದ ತಮ್ಮಲ್ಲಿ ಮೂರು ವಿನಂತಿಗಳು.

ಒಂದು, ಮಳೆಗಾಲದ ಮೊದಲೂ ನಂತರವೂ ಬಾವಿಗಳ ನೈಟ್ರೇಟ್ ಪರೀಕ್ಷೆ ನಡೆಸಿ, ಫಲಿತಾಂಶವನ್ನು ಗ್ರಾಮಸಭೆಯಲ್ಲಿ ಓದಿಸಿರಿ.

ಎರಡು, ಹೊಸ ಜೋಡಿಗುಂಡಿ ಶೌಚಾಲಯಕ್ಕೆ ಒಪ್ಪಿಗೆ ನೀಡುವ ಮುನ್ನ, ಗುಂಡಿಯ ತಳಕ್ಕೂ ಮಳೆಗಾಲದ ಜಲಮಟ್ಟಕ್ಕೂ ಕನಿಷ್ಠ 2 ಮೀಟರ್ ಅಂತರವಿದೆಯೇ ಎಂಬುದನ್ನು ಪರಿಶೀಲಿಸಿರಿ. ಅಂತರ ಸಾಲದಿದ್ದರೆ ತಳ ಕಟ್ಟಿದ ತೊಟ್ಟಿ ಇರಲಿ.

ಮೂರು, ಯಾವುದೇ ಘಟಕದ ಪ್ರಸ್ತಾವನೆ ಬಂದಾಗ ನಿರ್ಮಾಣ ವೆಚ್ಚದ ಜೊತೆಗೆ ತಿಂಗಳ ವಿದ್ಯುತ್ ಬಿಲ್ಲನ್ನೂ, ಅದನ್ನು ಭರಿಸುವವರು ಯಾರೆಂಬುದನ್ನೂ ಠರಾವಿನಲ್ಲಿ ನಮೂದಿಸಿರಿ. ಬಿಲ್ಲು ಕಟ್ಟಲಾಗದೆ ನಿಂತುಹೋದ ಘಟಕವು ಶರಾವತಿಗೂ ಬಾವಿಗೂ ಹೊಸ ಗುಂಡಿಯೇ ಸರಿ.