ಕೈಯಿಂದ ಹೊರಟ ಮಾತು



ಇಂಗ್ಲಿಷಿನಲ್ಲಿ ‘ಮನೂವರ್’ ಎಂಬ ಒಂದು ಪದವಿದೆ. ಸೈನ್ಯವನ್ನು ಜಾಣತನದಿಂದ ನಡೆಸುವುದು ಮನೂವರ್. ಹೆತ್ತೂರಿನ ಆಚೆಗಿನ ಬಿಸಿಲೆ ಘಾಟಿಯ ತಿರುವಿನಲ್ಲಿ ಲಾರಿಯನ್ನು ಹಿಂದೆ ಮುಂದೆ ಆಡಿಸಿ ದಾಟಿಸುವುದೂ ಮನೂವರ್. ಚುನಾವಣೆಯ ಹೊತ್ತಿಗೆ ಎದುರು ಪಕ್ಷದವರನ್ನು ಒಳಗಿಂದೊಳಗೆ ಸೆಳೆದುಕೊಳ್ಳುವುದಕ್ಕೂ ಅದೇ ಹೆಸರು. ಗಂಟಲಲ್ಲಿ ತುತ್ತು ಸಿಕ್ಕಿಕೊಂಡವರನ್ನು ಹಿಂದಿನಿಂದ ಬಳಸಿ ಹಿಡಿದು, ಹೊಟ್ಟೆಯ ಮೇಲ್ಭಾಗವನ್ನು ಒತ್ತಿ ತುತ್ತನ್ನು ಹೊರಡಿಸುವ ಉಪಾಯವೊಂದಿದೆ. ಅಮೆರಿಕದ ವೈದ್ಯ ಹೆನ್ರಿ ಹೈಮ್ಲಿಕ್ 1974ರಲ್ಲಿ ಅದನ್ನು ಪ್ರಕಟಿಸಿದರು. ಅದೂ ‘ಹೈಮ್ಲಿಕ್ ಮನೂವರ್’ ಎಂದೇ ಪ್ರಸಿದ್ಧ.

ಇಷ್ಟೊಂದು ಅರ್ಥಗಳು ಒಂದೇ ಪದಕ್ಕೆ ಬಂದದ್ದು ಹೇಗೆ? ಬೇರು ಲ್ಯಾಟಿನ್ ಭಾಷೆಯಲ್ಲಿದೆ. ಅಲ್ಲಿ ‘ಮನುಸ್’ ಎಂದರೆ ಕೈ, ‘ಒಪೆರಾರಿ’ ಎಂದರೆ ದುಡಿಯುವುದು. ಎರಡೂ ಸೇರಿದರೆ ಕೈಯಾರೆ ದುಡಿಯುವುದು ಎಂದಷ್ಟೇ ಅರ್ಥ. ಈ ಮಾತು ಫ್ರೆಂಚರ ಮೂಲಕ ಇಂಗ್ಲಿಷಿಗೆ ಎರಡು ಸಲ ಬಂತು. ಮಧ್ಯಯುಗದಲ್ಲಿ ಬಂದಾಗ ಅದಕ್ಕೆ ಭೂಮಿಯನ್ನು ಸಾಗುವಳಿ ಮಾಡುವುದು ಎಂಬ ಅರ್ಥವಿತ್ತು. ಬರಬರುತ್ತ ಹೊಲಕ್ಕೆ ಹಾಕುವ ಗೊಬ್ಬರಕ್ಕೇ ಆ ಹೆಸರು ನಿಂತು ‘ಮೆನ್ಯೂರ್’ ಆಯಿತು. ಎರಡನೆಯ ಸಲ, 18ನೇ ಶತಮಾನದಲ್ಲಿ, ಅದು ಸೈನಿಕರ ಮಾತಾಗಿ ಬಂತು. ಯುದ್ಧವಿದ್ಯೆಯಲ್ಲಿ ಫ್ರೆಂಚರ ಮಾತಿಗೆ ತೂಕವಿದ್ದ ಕಾಲ ಅದು. ಅದರ ಗುರುತು ಹೆತ್ತೂರಿನವರಿಗೆ ದೂರದ್ದೇನಲ್ಲ. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ ಸಕಲೇಶಪುರದ ಮಂಜರಾಬಾದ್ ಕೋಟೆ ಎಂಟು ಮೂಲೆಯ ನಕ್ಷತ್ರದ ಆಕಾರದಲ್ಲಿದೆ. ಅದು ಫ್ರಾನ್ಸಿನ ವೊಬಾನ್ ಬೆಳೆಸಿದ ದುರ್ಗರಚನೆಯ ಪದ್ಧತಿ.

ಹೀಗೆ ಒಂದೇ ತಾಯಿಯ ಮಕ್ಕಳಲ್ಲಿ ಒಂದು ಗೊಬ್ಬರದ ಗುಂಡಿಗೆ ಹೋಯಿತು, ಇನ್ನೊಂದು ಸೇನಾಪತಿಯ ಡೇರೆ ಸೇರಿತು. ಅಲ್ಲಿಂದ ಅದು ರಾಜಕಾರಣಿಯ ಕೋಣೆಗೂ ನಡೆಯಿತು.

ಕನ್ನಡವೂ ಇದೇ ದಾರಿಯಲ್ಲಿ ನಡೆದಿದೆ. ರೈತ ನೇಗಿಲು ಹೂಡುತ್ತಾನೆ. ಒಳಸಂಚು ಮಾಡುವವನೂ ತಂತ್ರ ‘ಹೂಡು’ತ್ತಾನೆ. ‘ತಂತ್ರ’ ಎಂಬ ಪದಕ್ಕೆ ಸಂಸ್ಕೃತದಲ್ಲಿ ಮಗ್ಗ ಎಂಬ ಹಳೆಯ ಅರ್ಥವಿದೆ. ಅಂದರೆ ‘ತಂತ್ರ ಹೂಡಿದ’ ಎನ್ನುವಾಗ ನೇಕಾರನ ಮಗ್ಗವನ್ನೂ ರೈತನ ನೇಗಿಲನ್ನೂ ಒಟ್ಟಿಗೆ ನೆನೆದಂತಾಯಿತು. ‘ಕೈಚಳಕ’ ದರ್ಜಿಗೆ ಹೊಗಳಿಕೆ, ಜೇಬುಗಳ್ಳನಿಗೂ ಅದೇ ಮಾತು. ‘ಕೈವಾಡ’ ಎಂದರೆ ಈಗ ಕಣ್ಣಿಗೆ ಕಾಣದ ಕೈ. ಆದ್ದರಿಂದ ಮನೂವರ್ ಎಂಬುದನ್ನು ಕನ್ನಡಕ್ಕೆ ತರುವವರು ಸಂದರ್ಭ ನೋಡಬೇಕು. ಸೈನ್ಯದ ತಾಲೀಮಾದರೆ ಸಮರಾಭ್ಯಾಸ, ಲಾರಿಯ ಚಾಲಕನದಾದರೆ ಕೈಚಳಕ, ರಾಜಕೀಯವಾದರೆ ತಂತ್ರ ಅಥವಾ ಹೂಟ.

ಇನ್ನು ‘ಕುಶಲ’ ಎಂಬ ಪದದ ವಿಚಾರ. ಸಂಪ್ರದಾಯದ ಪಂಡಿತರು ಹೇಳುವ ವ್ಯುತ್ಪತ್ತಿಯ ಪ್ರಕಾರ ಕುಶ, ಅಂದರೆ ದರ್ಭೆಯನ್ನು ಕೊಯ್ದು ತರುವವನೇ ಕುಶಲ. ದರ್ಭೆಯ ಅಂಚು ಹರಿತ. ಕೈ ಕೊಯ್ದುಕೊಳ್ಳದೆ ಅದನ್ನು ತರಬಲ್ಲವನು ಜಾಣನೇ ಸರಿ. ಕಾಶ್ಮೀರದ ಮಮ್ಮಟ ‘ಕಾವ್ಯಪ್ರಕಾಶ’ದಲ್ಲಿ ಲಕ್ಷಣೆಗೆ ಈ ಪದವನ್ನೇ ಉದಾಹರಣೆ ಕೊಟ್ಟ. ‘ಸಾಹಿತ್ಯದರ್ಪಣ’ದ ವಿಶ್ವನಾಥ ಒಪ್ಪಲಿಲ್ಲ. ಪದ ಹುಟ್ಟಿದ ಕಾರಣ ಬೇರೆ, ಬಳಕೆಯಲ್ಲಿ ನಿಂತ ಅರ್ಥ ಬೇರೆ ಎಂಬುದು ಅವನ ವಾದ. ವಾದ ಸರಿಯೇ. ಹುಟ್ಟು ಹಿಡಿದು ಇಂದಿನ ಅರ್ಥ ನಿರ್ಧರಿಸಲಾಗದು. ಆದರೆ ಜಾಣತನಕ್ಕೆ ಮಾದರಿ ಹುಡುಕಿದವರ ಕಣ್ಣು ಮೊದಲು ಹುಲ್ಲು ಕೊಯ್ಯುವವನ ಮೇಲೆ ಬಿತ್ತೆಂಬುದನ್ನು ಮರೆಯುವಂತಿಲ್ಲ.

ಏಕೆಂದರೆ ಆ ಪದ ಇಂದು ಕೂಲಿಯ ಲೆಕ್ಕದಲ್ಲಿಯೂ ಇದೆ. 1948ರ ಕನಿಷ್ಠ ವೇತನ ಕಾಯ್ದೆಯಡಿ ಹೊರಡುತ್ತಿದ್ದ ಅಧಿಸೂಚನೆಗಳು ದುಡಿಯುವವರನ್ನು ಕುಶಲ, ಅರೆಕುಶಲ, ಅಕುಶಲ ಎಂದು ವಿಂಗಡಿಸುತ್ತಿದ್ದವು. 2019ರ ವೇತನ ಸಂಹಿತೆಯೂ ಈ ವಿಂಗಡಣೆಯನ್ನು ಉಳಿಸಿಕೊಂಡು ಅತಿಕುಶಲ ಎಂಬುದನ್ನೂ ಹೆಸರಿಸಿದೆ. ಹುಲ್ಲು ಕೊಯ್ಯುವ, ಕಳೆ ಕೀಳುವ ಕೈಗೆ ಸಾಮಾನ್ಯವಾಗಿ ಬೀಳುವ ಹಣೆಪಟ್ಟಿ ‘ಅಕುಶಲ’.

ಹೆತ್ತೂರು ಸೀಮೆಯ ಕಾಫಿ ತೋಟಗಳಲ್ಲಿ ಮಳೆಗಾಲಕ್ಕೆ ಮುಂಚೆ ಮರಗಸಿ ನಡೆಯುತ್ತದೆ. ನೆರಳಿನ ಮರ ಹತ್ತಿ, ಬೇಕಾದಷ್ಟು ಬಿಸಿಲು ಬೀಳುವಂತೆ ಕೊಂಬೆ ಕಡಿಯುವ ಕೆಲಸ ಅದು. ಒಂದು ಕೈಯಲ್ಲಿ ಮರ, ಇನ್ನೊಂದರಲ್ಲಿ ಕತ್ತಿ. ಯಾವ ಕೊಂಬೆ ಉಳಿಯಬೇಕು, ಕಡಿದದ್ದು ಎತ್ತ ಬೀಳಬೇಕು, ಕೆಳಗಿನ ಕಾಫಿ ಗಿಡ ಮುರಿಯದಂತೆ ಅದನ್ನು ಹೇಗೆ ಇಳಿಸಬೇಕು, ಎಲ್ಲವನ್ನೂ ಮೇಲೆ ನಿಂತವನೇ ನಿರ್ಧರಿಸಬೇಕು. ಕಾಲು ಜಾರಿದರೆ ಜೀವಕ್ಕೆ ಅಪಾಯ. ಮನೂವರ್ ಎಂಬ ಪದದ ಮೂಲಾರ್ಥಕ್ಕೂ ಇಂದಿನ ಅರ್ಥಕ್ಕೂ ಏಕಕಾಲಕ್ಕೆ ಒಪ್ಪುವ ಕೆಲಸ ಇದಕ್ಕಿಂತ ಇನ್ನೊಂದಿಲ್ಲ.

ಹುಲ್ಲು ಕೊಯ್ಯುವ ಕೈಯನ್ನು ನೋಡಿಯೇ ‘ಕುಶಲ’ಕ್ಕೆ ಅರ್ಥ ಹೇಳಿದರು. ಆ ಕೈಯ ಮುಂದೆ ‘ಅ’ ಎಂದು ಬರೆದದ್ದು ಕಚೇರಿಯ ಲೇಖನಿ. ಆ ಒಂದಕ್ಷರದ ಬೆಲೆ ಪ್ರತಿದಿನದ ಕೂಲಿಯಲ್ಲಿ ಕಡಿತವಾಗುತ್ತದೆ.