ಒಂದು ಫೈಲು, ಎರಡು ದೋಣಿ

ಕತೆ ಬರೆದು ಮುಗಿಸಿದ ಮೇಲೆ ಬಾಕಿ ಉಳಿಯುವ ಒಂದು ಕೆಲಸದ ಬಗ್ಗೆ ಇವತ್ತು ಮಾತಾಡ್ತೇನೆ. ಕತೆ ಅಂದರೆ ಓದುವವರೇ ದಾರಿ ಆರಿಸುವ ಕತೆ, ಇಂಟರ್ಯಾಕ್ಟಿವ್ ಫಿಕ್ಷನ್. ಪುಟದ ಕೆಳಗೆ ಎರಡು ಮೂರು ಲಿಂಕ್ ಇರ್ತದೆ. ನೀವು ಯಾವುದನ್ನು ಒತ್ತುತ್ತೀರೋ ಕತೆ ಆ ಕಡೆ ತಿರುಗ್ತದೆ.

ನಾನು ಬರೆದದ್ದು 1974ರ ನೆರೆಯ ಕತೆ. ನೇತ್ರಾವತಿ ಬಂಟ್ವಾಳ ಪೇಟೆಯೊಳಗೆ ಬಂದ ವರ್ಷ. ನಮ್ಮಜ್ಜಿ ನೆರೆ ಅನ್ನುವುದಿಲ್ಲ, ತುಳುವಿನಲ್ಲಿ 'ಬೊಳ್ಳ' ಅಂತಲೇ ಹೇಳುದು. ಅವರು ಹೇಳಿದ್ದನ್ನು ಕೇಳಿ ಕೇಳಿ ಟ್ವೈನ್‌ನಲ್ಲಿ ಬರೆದೆ. ಕ್ರಿಸ್ ಕ್ಲಿಮಾಸ್ ಎಂಬವರು 2009ರಲ್ಲಿ ಹೊರತಂದ ಉಚಿತ ತಂತ್ರಾಂಶ ಅದು. ಬ್ರೌಸರಿನಲ್ಲೇ ಬರೆಯಬಹುದು, ಕೋಡಿಂಗ್ ಬರಬೇಕೆಂದಿಲ್ಲ. ಆದರೆ ಹಾಗೆ ಬರೆದದ್ದು ಉಳಿಯುವುದೂ ಆ ಬ್ರೌಸರಿನ ಒಳಗೇ. ಇದು ನನಗೆ ಗೊತ್ತಾದದ್ದು ಲ್ಯಾಪ್‌ಟಾಪ್ ರಿಪೇರಿಗೆ ಕೊಟ್ಟು ವಾಪಸ್ ತಂದ ದಿನ. 'ಎಲ್ಲ ಕ್ಲೀನ್ ಮಾಡಿದ್ದೇವೆ' ಅಂದರು. ನಿಜವಾಗಿಯೂ ಎಲ್ಲ ಕ್ಲೀನ್! ನಲವತ್ತು ಚಿಲ್ಲರೆ ತುಣುಕುಗಳು ಹೋಗಿದ್ದವು. ತಪ್ಪು ಅವರದ್ದಲ್ಲ, ಬೇರೆ ಪ್ರತಿ ಇಡದ ನನ್ನದು.

ಮೂಡುಬಿದಿರೆಯ ಧವಲಾ ತಾಳೆಗರಿಗಳು ನೆನಪಾದವು. ಹಳಗನ್ನಡ ಲಿಪಿಯ ಆ ಪ್ರತಿಗಳು ಶತಮಾನಗಳ ಕಾಲ ಉಳಿದದ್ದು ಅಲ್ಲಿನ ಬಸದಿಯಲ್ಲಿ ಮಾತ್ರ. ಅಲ್ಲಿಂದ ನಕಲು ಹೊರಗೆ ಹೋಗಿ, ಧವಲಾದ ಮೊದಲ ಸಂಪುಟ ಅಚ್ಚಾಗುವಾಗ 1939. ನನ್ನ ಕತೆಯನ್ನು ಅದಕ್ಕೆ ಹೋಲಿಸುವ ಧೈರ್ಯ ನನಗಿಲ್ಲ. ಆದರೆ ಎಲ್ಲವೂ ಒಂದೇ ಕಡೆ ಇದ್ದರೆ ಆಗುವ ಹೆದರಿಕೆ ಒಂದೇ ಜಾತಿಯದ್ದು.

ಪುನಃ ಅಜ್ಜಿಯ ಹತ್ತಿರ ಕೂತೆ. ಮೊದಲ ಸಲ ಹೇಳುವಾಗ ದೋಣಿ ಸಂಜೆ ಬಂದಿತ್ತು. ಈ ಸಲ ರಾತ್ರಿಯಿಡೀ ಅಟ್ಟದಲ್ಲಿ ಕೂತು, ಬೆಳಗಾದ ಮೇಲೆ ದೋಣಿ ಬಂತು.

"ಅಜ್ಜಿ, ಆಗ ಸಂಜೆ ಅಂದಿದ್ರಲ್ಲ?"

"ಆಗ ಹೇಳಿದ್ದೂ ಹೌದು, ಈಗ ಹೇಳಿದ್ದೂ ಹೌದು ಮಗಾ."

ಮಾಮೂಲಿ ಕತೆಯಾದರೆ ಒಂದನ್ನು ಬಿಡಬೇಕಿತ್ತು. ಇಲ್ಲಿ ಎರಡನ್ನೂ ಎರಡು ಕವಲಾಗಿ ಇಟ್ಟೆ.

ಈ ಸಲ ಬರೆದದ್ದು ಸಾದಾ ಟೆಕ್ಸ್ಟ್ ಫೈಲುಗಳಲ್ಲಿ. ಪ್ರತಿ ತುಣುಕಿನ ಮೇಲೆ ಎರಡು ಕೋಲನ್ ಹಾಕಿ ಹೆಸರು, ಲಿಂಕ್ ಬೇಕಾದಲ್ಲಿ ಜೋಡಿ ಚೌಕ ಆವರಣ. ಅಷ್ಟೇ. ಎಲ್ಲವನ್ನೂ ಕಟ್ಟಿಕೊಡುವುದು ಟ್ವೀಗೊ. ಇದಕ್ಕೆ ಕಿಟಕಿ, ಬಟನ್ ಯಾವುದೂ ಇಲ್ಲ. ಕಮಾಂಡ್ ಲೈನಿನ ಕಪ್ಪು ಪರದೆಯಲ್ಲಿ ಟ್ವೀಗೊ ಅಂತ ಟೈಪ್ ಮಾಡಿ, ಹೈಫನ್ ಓ, ಹೊರಗೆ ಬರಬೇಕಾದ ಫೈಲಿನ ಹೆಸರು, ಆಮೇಲೆ ಕತೆ ಇರುವ ಫೋಲ್ಡರಿನ ಹೆಸರು. ಎಂಟರ್ ಒತ್ತಿದರೆ ಒಂದೇ ಒಂದು ಎಚ್‌ಟಿಎಂಎಲ್ ಫೈಲ್ ಬರ್ತದೆ. ಕತೆ, ಚಿತ್ರ, ಅದನ್ನು ಓಡಿಸುವ ಸ್ಕ್ರಿಪ್ಟ್ ಎಲ್ಲ ಅದರೊಳಗೇ. ಮೊದಲ ಸಲ ಅದು ಐಎಫ್‌ಐಡಿ ಎಲ್ಲಿ ಅಂತ ಕೇಳ್ತದೆ. ಪುಸ್ತಕಕ್ಕೆ ಐಎಸ್‌ಬಿಎನ್ ಇದ್ದ ಹಾಗೆ ಇಂಥ ಕತೆಗೊಂದು ಗುರುತಿನ ಸಂಖ್ಯೆ. ಅದೇ ಒಂದನ್ನು ಸೃಷ್ಟಿಸಿ ಕೊಡ್ತದೆ, ನಾವು ನಕಲು ಮಾಡಿ ಕತೆಯ ಫೈಲಿಗೆ ಹಾಕಿಕೊಳ್ಳಬೇಕು. ಮುಂದೆ ಎಷ್ಟು ಸಲ ತಿದ್ದಿದರೂ ಅದನ್ನು ಬದಲಿಸಬಾರದು.

ಮತ್ತೆ ಸುರುವಾಯ್ತು ಕನ್ನಡದ ತರಲೆ. 'ಪೋಸ್ಟ್‌ಆಫೀಸ್' ಅಂತ ಒಂದು ತುಣುಕು. ಲಿಂಕಿನಲ್ಲೂ ಅದೇ ಹೆಸರು, ಆದರೆ ಒತ್ತಿದರೆ ಹೋಗುವುದಿಲ್ಲ. ಎರಡು ದಿನ ತಲೆ ಕೆರೆದುಕೊಂಡೆ. ಫೋನಿನಲ್ಲಿ ಟೈಪ್ ಮಾಡಿದ್ದರಲ್ಲಿ 'ಸ್ಟ್' ಆದ ಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿತ್ತು, ಅರ್ಧಾಕ್ಷರ ಮುಂದಿನದಕ್ಕೆ ಅಂಟದ ಹಾಗೆ ತಡೆಯುವಂಥದ್ದು. ಕಂಪ್ಯೂಟರಿನಲ್ಲಿ ಟೈಪ್ ಮಾಡಿದ್ದರಲ್ಲಿ ಅದಿಲ್ಲ. ನಮಗೆ ಒಂದೇ ಶಬ್ದ, ಯಂತ್ರಕ್ಕೆ ಎರಡು. ಈಗ ತುಣುಕುಗಳಿಗೆ ಬರೀ ಸಂಖ್ಯೆ ಇಡ್ತೇನೆ. ಕನ್ನಡದಲ್ಲಿ ಇಂಥದ್ದು ಬರೆಯುವವರು ಇದೊಂದನ್ನು ನೆನಪಿಟ್ಟರೆ ಸಾಕು.

ಫೈಲನ್ನು ಮೂಡುಬಿದಿರೆಯ ಸ್ನೇಹಿತನಿಗೆ ಕಳಿಸಿದೆ. ಅವನ ಹಳೇ ಕಂಪ್ಯೂಟರಿನಲ್ಲಿ ಒತ್ತಕ್ಷರಗಳೆಲ್ಲ ಬಿಡಿ ಬಿಡಿ. ಎಂತ ಮಾರಾಯ ಇದು, ಅಂದ. ಟ್ವೀಗೊಗೆ ಹೈಫನ್ ಎಂ ಅಂತ ಕೊಟ್ಟು ಫಾಂಟ್ ಫೈಲನ್ನೂ ಒಳಗೆ ಸೇರಿಸಬಹುದು. ನೋಟೊ ಸಾನ್ಸ್ ಕನ್ನಡ ಮುಕ್ತ ಪರವಾನಗಿಯದ್ದು, ಅದನ್ನೇ ಸೇರಿಸಿದೆ. ಅವನಲ್ಲಿ ಸರಿಯಾಯ್ತು.

ಆಮೇಲೆ ಬೆಳ್ತಂಗಡಿ. ಚಾರ್ಮಾಡಿ ಘಾಟಿಯ ಬುಡದಲ್ಲಿ ಅತ್ತೆ ಮನೆ. ಸಿಗ್ನಲ್ ಬೇಕಾದರೆ ಅಂಗಳ ದಾಟಿ ತೋಟದ ಅಂಚಿಗೆ ಹೋಗಬೇಕು. ಅಲ್ಲಿ ನಿಂತು ವಾಟ್ಸ್ಆ್ಯಪ್‌ನಲ್ಲಿ ಇಳಿಸಿಕೊಂಡು, ಒಳಗೆ ಬಂದು ಫೈಲ್ ಒತ್ತಿದರೆ ಬಿಳಿ ಪರದೆ. ಕೆಲವು ಫೋನುಗಳಲ್ಲಿ ಎಚ್‌ಟಿಎಂಎಲ್ ಫೈಲನ್ನು ಮೊದಲು ತೆರೆಯುವ ಸಣ್ಣ ಆ್ಯಪ್ ಸ್ಕ್ರಿಪ್ಟ್ ಓಡಿಸುವುದಿಲ್ಲ. ಕ್ರೋಮ್‌ನಲ್ಲಿ ತೆರೆಯಲು ಹೇಳಿದೆ. ನೆಟ್ ಇಲ್ಲದೆಯೇ ಕತೆ ಓಡಿತು.

ಬಂಟ್ವಾಳದಲ್ಲಿ ಅಜ್ಜಿಗೆ ತಂಗಿ ಓದಿ ಹೇಳಿದಳು. ಕವಲು ಬಂತು: ದೋಣಿ ಸಂಜೆ ಬಂತೋ, ಬೆಳಿಗ್ಗೆಯೋ?

"ಇನ್ನೊಂದು ಎಲ್ಲಿ?" ಅಂದರು ಅಜ್ಜಿ. "ದೋಣಿ ಎರಡು ಸಲ ಬಂದದ್ದಲ್ವಾ. ಸಂಜೆ ಮಕ್ಕಳನ್ನು ಮಾತ್ರ ಹತ್ತಿಸಿಕೊಂಡ್ರು. ನಾನು ನಿಮ್ಮ ಅಪ್ಪನನ್ನು ಕಳಿಸಿ ಅಟ್ಟದಲ್ಲಿ ಕೂತೆ."

ಮೊನ್ನೆ ರಾತ್ರಿ ಆ ತುಣುಕು ಬರೆದು ಅದೇ ಕಮಾಂಡ್ ಇನ್ನೊಮ್ಮೆ ಕೊಟ್ಟೆ. ಐಎಫ್‌ಐಡಿ ಹಳೆಯದೇ, ಆವೃತ್ತಿ ಎರಡು.