ಅಣ್ಣಗಿಂತ ತಮ್ಮ ಎತ್ತರ

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿ, ನಿವೃತ್ತ ಇಂಗ್ಲಿಷ್ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಇದೇ ಶಾಲೆಯಲ್ಲಿ ಕಲಿತು, ಮುಂದೆ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕುಗಳ ಹಳ್ಳಿಗಳಲ್ಲಿ ಇಂಗ್ಲಿಷ್ ಕಲಿಸಿದವನು ನಾನು. ಇಂದು ನನ್ನದೇ ಒಂದು ತಪ್ಪಿನ ಬಗ್ಗೆ ಹೇಳಬೇಕಾಗಿದೆ.

ಒಂಬತ್ತನೆಯ ತರಗತಿಯ ಹುಡುಗನೊಬ್ಬ ಬೋರ್ಡಿನ ಮೇಲೆ ‘ಹಿ ಈಸ್ ಟಾಲ್ ದ್ಯಾನ್ ಮಿ’ ಎಂದು ಬರೆದ. ‘ಟಾಲರ್’ ಅನ್ನಬೇಕು ಎಂದು ತಿದ್ದಿದೆ. ಮರುದಿನ ‘ಮೋರ್ ಟಾಲರ್’ ಎಂದು ಬರೆದ. ‘ಎಷ್ಟ್ ಸಲ ಹೇಳಬೇಕೋ ದಡ್ಡ’ ಎಂದು ಎಲ್ಲರೆದುರು ಬೈದೆ. ಆ ವರ್ಷವಿಡೀ ಅವನು ನನ್ನ ತರಗತಿಯಲ್ಲಿ ಮತ್ತೆ ಕೈ ಎತ್ತಲಿಲ್ಲ.

ಈಚೆಗೆ ನನ್ನ ಮೊಮ್ಮಗಳು ಮೊಬೈಲಿನಲ್ಲಿ ಕೊರಿಯಾದ ಧಾರಾವಾಹಿ ನೋಡುತ್ತ ಆ ಭಾಷೆ ಕಲಿಯಲು ಶುರುಮಾಡಿದ್ದಾಳೆ. ಒಂದು ದಿನ, ‘ಮುತ್ಯಾ, ಇದು ನಮ್ಮ ಕನ್ನಡದಂಗೇ ಅದ ನೋಡು’ ಅಂದಳು. ಅಲ್ಲಿ ಹೆಣ್ಣುಮಕ್ಕಳು ಅಣ್ಣನಿಗೆ ‘ಒಪ್ಪಾ’ ಅನ್ನುತ್ತಾರೆ. ‘ಒಪ್ಪಾಬೊದಾ’ ಅಂದರೆ ‘ಅಣ್ಣಗಿಂತ’. ‘ಒಪ್ಪಾಮನ್‌ಖುಮ್’ ಅಂದರೆ ‘ಅಣ್ಣನಷ್ಟು’. ನಮ್ಮ ‘ಗಿಂತ’, ‘ಅಷ್ಟು’ಗಳಂತೆಯೇ ಅವರ ‘ಬೊದಾ’, ‘ಮನ್‌ಖುಮ್’ ಹೆಸರಿನ ಹಿಂದೆ ಅಂಟಿಕೊಳ್ಳುತ್ತವೆ. ಆಮೇಲೆ ಬರುವ ಎತ್ತರ, ದೊಡ್ಡದು ಎಂಬ ಮಾತು ಇದ್ದಹಾಗೇ ಇರುತ್ತದೆ.

ಅವಳ ಮಾತು ಕೇಳಿ ನನಗೆ ಆ ಹುಡುಗ ನೆನಪಾದ.

ಕನ್ನಡದಲ್ಲಿ ಅಣ್ಣನಿಗೆ, ಇಂತ ಎರಡೂ ಕೂಡಿ ‘ಅಣ್ಣನಿಗಿಂತ’ ಆಗುತ್ತದೆ. ಮರಕ್ಕೆ, ಇಂತ ಕೂಡಿ ‘ಮರಕ್ಕಿಂತ’. ಹೋಲಿಕೆಯ ಗುರುತು ಹೆಸರಿಗೆ ಬೀಳುತ್ತದೆಯೇ ಹೊರತು ಗುಣವಾಚಕಕ್ಕಲ್ಲ. ನಮ್ಮ ಸುತ್ತಲಿನ ಭಾಷೆಗಳೂ ಹೀಗೆಯೇ. ಉರ್ದು ಮಾತಾಡುವ ಗೆಳೆಯ ‘ಭಾಯಿ ಸೆ ಲಂಬಾ’ ಅನ್ನುತ್ತಾನೆ. ಗಡಿಯಾಚೆಯ ಅಕ್ಕಲಕೋಟೆ, ಸೊಲ್ಲಾಪುರದ ಸಂತೆಯಲ್ಲಿ ‘ಭಾವಾಪೇಕ್ಷಾ ಉಂಚ’ ಎಂದು ಕೇಳುತ್ತೇವೆ. ಎಲ್ಲೂ ಉದ್ದ, ಎತ್ತರ ಎಂಬ ಪದ ಬದಲಾಗುವುದಿಲ್ಲ. ಮನೆಯಲ್ಲಿ, ಓಣಿಯಲ್ಲಿ, ಸಂತೆಯಲ್ಲಿ ಇದನ್ನೇ ಕೇಳಿ ಬೆಳೆದ ಮಗು ‘ಟಾಲ್ ದ್ಯಾನ್’ ಎಂದರೆ ಅದು ದಡ್ಡತನವಲ್ಲ. ತನಗೆ ಗೊತ್ತಿರುವ ನಿಯಮವನ್ನು ಅದು ಸರಿಯಾಗಿಯೇ ಹಚ್ಚಿದೆ. ಇಂಗ್ಲಿಷಿಗೆ ಮಾತ್ರ ಎರಡು ಗುರುತು ಬೇಕು: ‘ದ್ಯಾನ್’ ಒಂದು, ‘ಅರ್’ ಇನ್ನೊಂದು. ಉದ್ದನೆಯ ಪದಕ್ಕೆ ‘ಅರ್’ ಬದಲು ‘ಮೋರ್’ ಬರುತ್ತದೆ; ಎರಡೂ ಒಟ್ಟಿಗೆ ಬರಬಾರದು. ಇಷ್ಟನ್ನು ನಾನು ಅವನಿಗೆ ಎಂದೂ ಬಿಡಿಸಿ ಹೇಳಲಿಲ್ಲ.

ಹೇಳುವುದಕ್ಕೆ ದಾರಿಯೂ ಇತ್ತು. ಸಂಸ್ಕೃತದಲ್ಲಿ ಗುಣವಾಚಕಕ್ಕೇ ‘ತರ’, ‘ತಮ’ ಸೇರುತ್ತವೆ. ನಮ್ಮ ‘ಗುರುತರ’, ‘ಉತ್ತಮ’ ಹಾಗೆ ಬಂದವು. ಕನಿಷ್ಠ, ಗರಿಷ್ಠ, ಶ್ರೇಷ್ಠ ಪದಗಳ ಕೊನೆಯ ‘ಇಷ್ಠ’ವೂ, ಇಂಗ್ಲಿಷಿನ ‘ಟಾಲೆಸ್ಟ್’ನಲ್ಲಿರುವ ‘ಎಸ್ಟ್’ ಕೂಡ ಒಂದೇ ಮೂಲದವು. ಕನಿಷ್ಠ ಬೆಲೆ, ಗರಿಷ್ಠ ತಾಪಮಾನ ಎಂಬ ಮಾತು ರೈತರ ಮಕ್ಕಳಿಗೆ ಗೊತ್ತಿಲ್ಲವೇ? ಅಲ್ಲಿಂದಲೇ ಪಾಠ ಶುರುಮಾಡಬಹುದಿತ್ತು.

ಆ ‘ತರ’, ‘ತಮ’ ಕೂಡಿಯೇ ‘ತಾರತಮ್ಯ’ ಎಂಬ ಮಾತು ಹುಟ್ಟಿತು. ಮೊದಲು ಅದರ ಅರ್ಥ ಹೆಚ್ಚುಕಡಿಮೆಯ ವ್ಯತ್ಯಾಸ ಎಂದಷ್ಟೇ. ಈಗ ಭೇದಭಾವ ಎಂದಾಗಿದೆ. ತರಗತಿಯಲ್ಲಿಯೂ ಹಾಗೇ ಆಗುತ್ತದೆ. ಹೋಲಿಕೆಯ ಪಾಠ ಮಾಡುತ್ತ ಮಾಡುತ್ತ ನಾವು ಮಕ್ಕಳನ್ನೇ ಒಬ್ಬರಿಗೊಬ್ಬರು ಹೋಲಿಸಿಬಿಡುತ್ತೇವೆ: ಅವನಿಗಿಂತ ಇವನು ದಡ್ಡ, ಪಟ್ಟಣದವರಿಗಿಂತ ಹಳ್ಳಿಯವರು ಹಿಂದೆ.

ಇಲ್ಲಿರುವ ಶಿಕ್ಷಕ ಮಿತ್ರರಲ್ಲಿ ಒಂದು ವಿನಂತಿ. ‘ಟಾಲರ್ ದ್ಯಾನ್’ ಬರೆಯುವ ಮೊದಲು ಬೋರ್ಡಿನ ಮೇಲೆ ‘ಅಣ್ಣಗಿಂತ ತಮ್ಮ ಎತ್ತರ’ ಎಂದು ಬರೆಯಿರಿ. ಎರಡನ್ನೂ ಪಕ್ಕಪಕ್ಕ ಇಟ್ಟು, ಗುರುತು ಎಲ್ಲೆಲ್ಲಿ ಬಿದ್ದಿದೆ ಎಂದು ಮಕ್ಕಳಿಂದಲೇ ಹುಡುಕಿಸಿರಿ. ಹತ್ತು ನಿಮಿಷದ ಕೆಲಸ. ಮನೆಮಾತು ಇಂಗ್ಲಿಷಿಗೆ ಅಡ್ಡಿಯಲ್ಲ, ಏಣಿ.

ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಈ ಸಂಚಿಕೆ ಅವನ ಕೈ ಸೇರಿದರೆ ಒಂದು ಮಾತು ಓದಲಿ: ತಮ್ಮಾ, ಅವತ್ತು ತಪ್ಪು ನಿನಗಿಂತ ನನ್ನದೇ ಹೆಚ್ಚು.